ಕಾವಲಿಗೆ ತಂದ ಕಾರ್ಗಿ

ಆ ಮನೆಗೆ ನಾಯಿ ಬಂದದ್ದು ನಾಯಿಯ ಮೇಲಿನ ಅಕ್ಕರೆಯಿಂದಲ್ಲ. ಬಾಗಿಲಿಗೆ ಬೀಗ ಹಾಕಬೇಕೋ ಬೇಡವೋ ಎಂಬ ಜಗಳ ಬಗೆಹರಿಯಲಿಲ್ಲ, ಅದಕ್ಕೆ ಬಂತು.

ಎರಡನೇ ಮಹಡಿಯ ಮನೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್ನು, ಅದರ ಸುತ್ತ ಜನರ ಪ್ಯಾಂಟು, ಕೋಟು, ಶಾಲೆ ಮಕ್ಕಳ ಯೂನಿಫಾರ್ಮು. ಅಲ್ಲಿ ಕೂತು ಹೊಲಿಯುವವಳನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡದಲ್ಲಿ ಲಿಫ್ಟು ಕೆಟ್ಟು ಜನ ಸಿಕ್ಕಿಹಾಕಿಕೊಂಡರೂ ಇವನಿಗೆ ಫೋನು; ಕಲೆಸಿದ ಅನ್ನ ಹಾಗೇ ಬಿಟ್ಟು ಎದ್ದು ಹೋಗುವವನು. ಮಗಳು ಚಿನ್ನಿ ಹೈಸ್ಕೂಲು. ಮತ್ತೆ ಮಾವ.

ಮಾವ ಬದುಕೆಲ್ಲ ಬಸ್ ಕಂಡಕ್ಟರ್ ಆಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಮಗನ ಮನೆಗೆ ಬಂದರು. ಮೊದಮೊದಲು ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದರು, ಆಮೇಲೆ ಕೈಯಲ್ಲಿ ಕನ್ನಡಕ ಹಿಡಿದು ಇದು ಯಾರದು ಎಂದು ಕೇಳತೊಡಗಿದರು. ಡಾಕ್ಟರು ಪರೀಕ್ಷೆ ಮಾಡಿ, ಇದು ಮುಂದಕ್ಕೆ ಹೋಗುವ ಕಾಯಿಲೆಯೇ ಹೊರತು ಹಿಂದಕ್ಕೆ ಬರುವುದಲ್ಲ ಎಂದರು. ಅಷ್ಟರಲ್ಲಿ ಮಾವನಿಗೆ ಹೊಸದೊಂದು ಚಾಳಿ ಹತ್ತಿತ್ತು. ಬೆಳಿಗ್ಗೆ ಚಹಾ ಕುಡಿದವರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, "ಡ್ಯೂಟಿಗೆ ಹೊತ್ತಾಯ್ತು ಕಣಮ್ಮ" ಎಂದು ಹೊರಟುಬಿಡುವುದು. ಟೈಲರಮ್ಮ ಅಡುಗೆಮನೆಯಿಂದ ಬರುವಷ್ಟರಲ್ಲಿ ಬೀದಿ ದಾಟಿರುತ್ತಿದ್ದರು. ಹಳೆಯ ಡ್ರೈವರುಗಳಿಗೆ ಗುರುತಿತ್ತು, ಡಿಪೋದಿಂದ ಯಾರೋ ಕರೆದುಕೊಂಡು ಬಂದು ಬಿಡುತ್ತಿದ್ದರು. ಒಮ್ಮೆ ಲಾರಿಯೊಂದು ಅವರ ಮೊಣಕೈ ಸವರಿಕೊಂಡು ಹೋಯಿತು.

ಅಂದೇ ಅವಳು ಬಾಗಿಲಿಗೆ ಒಳಗಿನಿಂದ ಒಂದು ಬೀಗ ಹಾಕಿಸಿ ಎಂದದ್ದು. ಗಂಡ ಒಪ್ಪಲಿಲ್ಲ.

"ಅಪ್ಪನ್ನ ಕೂಡಿಹಾಕೋದು ನನ್ನ ಕೈಲಾಗಲ್ಲ" ಎಂದ.

"ನಿಮ್ಮ ಕೈಲಾಗೋದು ಬೇಡ, ಕೀ ನನ್ನ ಹತ್ರ ಇರ್ಲಿ. ದಿನವೆಲ್ಲ ಮನೇಲಿರೋಳು ನಾನು."

"ಜೀವನಪೂರ್ತಿ ಓಡಾಡ್ಕೊಂಡಿದ್ದ ಮನುಷ್ಯ ಕಣೇ."

"ಅದಕ್ಕೇ ಹೇಳ್ತಿರೋದು. ಕಾಲು ಇನ್ನೂ ಗಟ್ಟಿ ಇದೆ. ತಲೆ ಇಲ್ಲ."

ಮಾತು ಹೀಗೇ ಬೆಳೆದು, ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡು, ಉಪ್ಪು ಎಲ್ಲಿದೆ ಎಂದು ಕೇಳುವುದಕ್ಕೂ ಮಗಳನ್ನು ನಡುವೆ ಬಿಡುವಂತಾಯಿತು. ಆಗ ಚಿನ್ನಿಯೇ ನಾಯಿಯ ಮಾತು ಎತ್ತಿದಳು. ಅವಳು ಚಿಕ್ಕಂದಿನಿಂದ ನಾಯಿ ಬೇಕೆಂದು ಗೋಗರೆದವಳು. ಈಗ ಅದಕ್ಕೆ ತಾತನ ನೆಪ ಸಿಕ್ಕಿತು. ತಾತನ ಜೊತೆಗೆ ಒಂದು ನಾಯಿ ಇದ್ದರೆ ತಾತ ಒಬ್ಬನೇ ಹೋಗುವುದಿಲ್ಲವಲ್ಲ ಎಂದಳು. ಅಪ್ಪ ತಲೆಯೆತ್ತಿದ. ಬೀಗ ಬೇಡ ಎನ್ನುವುದಕ್ಕೆ ಅವನಿಗೂ ಒಂದು ದಾರಿ ಬೇಕಾಗಿತ್ತು.

ಮನೆಯಲ್ಲಿ ಯಾರೂ ನಾಯಿ ಸಾಕಿದವರಲ್ಲ. ಆದರೂ ಯಾವ ನಾಯಿ ಎಂಬ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿತ್ತು. ಗಂಡ ಎದೆಯೆತ್ತರದ ಕಾವಲು ನಾಯಿ ಬೇಕೆಂದ. ಅದು ಬೆಕ್ಕು ಕಂಡ ಕೂಡಲೇ ಮಾವನನ್ನು ಎಳೆದುಕೊಂಡು ಹೋಗಿ ಚರಂಡಿಗೆ ಕೆಡವುತ್ತದೆ ಎಂದು ಟೈಲರಮ್ಮ ತಳ್ಳಿಹಾಕಿದಳು. ಬೀದಿನಾಯಿಯ ಮರಿ ತಂದರಾಯಿತು ಎಂದು ಅವಳೆಂದರೆ, ಅದರ ತಾಯಿ ತಂದೆ ಗೊತ್ತಿಲ್ಲ, ಗುಣ ಹೇಗೆ ಗೊತ್ತಾಗಬೇಕು ಎಂದು ಗಂಡ ಸಂಬಂಧ ನೋಡುವವನ ಹಾಗೆ ಮಾತಾಡಿದ. ಚಿನ್ನಿ ಮಾತ್ರ ಫೋನಿನಲ್ಲಿ ಒಂದೇ ನಾಯಿಯ ಚಿತ್ರ ತೋರಿಸುತ್ತಿದ್ದಳು. ನರಿಯಂಥ ಮುಖ, ಸುಟ್ಟ ಇಟ್ಟಿಗೆಯ ಬಣ್ಣದ ಬೆನ್ನು, ಬಿಳಿ ಎದೆ, ಉದ್ದನೆಯ ಮೈ, ಅದರಡಿಯಲ್ಲಿ ನಾಲ್ಕು ಮೋಟು ಕಾಲು. ಕಾರ್ಗಿ ಎಂದಳು.

ಮಾವ ಫೋನು ಇಸಿದುಕೊಂಡು ತುಂಬ ಹೊತ್ತು ನೋಡಿದರು. "ಇದು ಕೂತಿದೆಯೋ ನಿಂತಿದೆಯೋ?" ಎಂದು ಕೇಳಿದರು.

ಎಷ್ಟೋ ವಾರಗಳ ಮೇಲೆ ಮನೆಯಲ್ಲಿ ನಾಲ್ವರೂ ಒಟ್ಟಿಗೆ ನಕ್ಕರು.

ಪ್ರಾಣಿಗಳ ಆಸ್ಪತ್ರೆಯ ಕಾಂಪೌಂಡರು ಟೈಲರಮ್ಮನ ಗಿರಾಕಿ. ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದಾಗ ಅವಳು ವಿಚಾರಿಸಿದಳು. ಮೊದಲ ಸಲ ನಾಯಿ ಸಾಕುವವರಿಗೆ ಅದು ಸುಲಭದ ಜಾತಿಯಲ್ಲ ಎಂದು ಆತ ನೇರವಾಗಿಯೇ ಹೇಳಿದ. ಗಂಟಲು ದೊಡ್ಡದು, ಬೊಗಳಿ ಪ್ರಾಣ ತೆಗೆಯುತ್ತದೆ. ವರ್ಷವಿಡೀ ಕೂದಲು ಉದುರುತ್ತದೆ. ಬೆನ್ನು ಉದ್ದ, ಮೆಟ್ಟಿಲು ಹತ್ತಿಳಿಸಿದರೆ ನರ ಹಿಡಿದುಕೊಳ್ಳುತ್ತದೆ. ಕೆಲಸ ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಂಡು ಮನೆ ಹಾಳುಮಾಡುತ್ತದೆ. ಮೇಲಾಗಿ ನಡೆಯುವವರ ಹಿಮ್ಮಡಿ ಕಚ್ಚುವ ಚಟ.

"ಹಿಮ್ಮಡಿ ಯಾಕೆ ಕಚ್ಚುತ್ತೆ?"

"ದನ ಕಾಯೋಕೆ ಅಂತ ಬೆಳೆಸಿದ ಜಾತಿ ಅಲ್ವಾ. ಗುಂಪು ಬಿಟ್ಟು ಹೊರಟ ದನದ ಹಿಮ್ಮಡಿ ಕಚ್ಚಿ ವಾಪಸ್ ಹೊಡ್ಕೊಂಡು ಬರುತ್ತೆ. ಅದರ ರಕ್ತದಲ್ಲೇ ಬಂದದ್ದು."

ಟೈಲರಮ್ಮನ ಕಿವಿಗೆ ಬಿದ್ದದ್ದು ಇದೊಂದೇ. ಉಳಿದದ್ದೆಲ್ಲ ಈ ಕಿವಿಯಿಂದ ಬಂದು ಆ ಕಿವಿಯಿಂದ ಹೋಯಿತು. ಬೀಗ ಬೇಡವೆಂದ ಗಂಡನಿಗೂ, ನಾಯಿ ಬೇಕೆಂದ ಮಗಳಿಗೂ, ದಿನಕ್ಕೆ ಹತ್ತು ಸಲ ಎದೆ ಧಸಕ್ಕೆನ್ನುತ್ತಿದ್ದ ತನಗೂ ಒಂದೇ ಉತ್ತರ ಸಿಕ್ಕಿತೆಂದುಕೊಂಡಳು.

ಊರಾಚೆ ನಾಯಿ ಸಾಕಿ ಮಾರುವವನೊಬ್ಬನ ಬಳಿ ಕಾರ್ಗಿ ಮರಿಗಳಿದ್ದವು. ನೆಟ್ಟಗಿನ ಕಿವಿಯವೆಲ್ಲ ಮಾರಿಹೋಗಿ, ಒಂದು ಕಿವಿ ಜೋತುಬಿದ್ದ ಗಂಡು ಉಳಿದಿತ್ತು. ಬೆಳೆದರೂ ಆ ಕಿವಿ ಎದ್ದು ನಿಲ್ಲಲಿಲ್ಲವೆಂದು ಯಾರೂ ಕೊಂಡಿರಲಿಲ್ಲ. ಕಮ್ಮಿಗೆ ಕೊಟ್ಟ. ಬರುವಾಗ ಬಸ್ಸಿನಲ್ಲಿ ಅದು ಚಿನ್ನಿಯ ತೊಡೆಯಿಂದ ಜಾರಿ ಮಾವನ ತೊಡೆಯೇರಿ ನಿದ್ದೆಹೋಯಿತು. ಹಿಂದಿನಿಂದ ನೋಡಿದರೆ ಉಬ್ಬಿದ ಬನ್ನಿನ ಹಾಗಿದೆಯೆಂದು ಚಿನ್ನಿ ಅದಕ್ಕೆ ಬನ್ ಎಂದೇ ಹೆಸರಿಟ್ಟಳು.

ಕಾಂಪೌಂಡರು ಹೇಳಿದ ಒಂದೊಂದೂ ನಿಜವಾಯಿತು. ಮಿಷನ್ನು ತಿರುಗಿದರೆ ಬೊಗಳು, ನಿಂತರೆ ಬೊಗಳು. ಟೈಲರಮ್ಮ ಪೆಡಲು ತುಳಿದಂತೆಲ್ಲ ಅದು ಪಾದಕ್ಕೆ ಬಾಯಿ ಹಾಕುತ್ತಿತ್ತು. ಹೊಲಿಯಲು ಕೊಟ್ಟಿದ್ದ ವಕೀಲರೊಬ್ಬರ ಕರಿ ಕೋಟಿನ ಮೇಲೆ ಬಿಳಿ ಕೂದಲು ಕೂತು, ವಕೀಲರು ಮೂಗು ಮುರಿದು ಬೇರೆ ಅಂಗಡಿ ಹಿಡಿದರು. ನಾಯಿಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಆಣೆ ಮಾಡಿದ್ದ ಚಿನ್ನಿ ಪರೀಕ್ಷೆಯ ನೆಪ ಹೇಳಿದಳು. ಗಂಡನಿಗೆ ಲಿಫ್ಟಿನ ನೆಪವಂತೂ ಇದ್ದೇ ಇತ್ತು. ಉಚ್ಚೆ ಒರೆಸುವುದು, ಅನ್ನ ಬೇಯಿಸಿ ಮೊಟ್ಟೆ ಕಲೆಸಿಡುವುದು, ಕೂದಲು ಗುಡಿಸುವುದು ಎಲ್ಲ ಟೈಲರಮ್ಮನ ಪಾಲಿಗೇ ಬಂತು. ಒಂದು ಮುದಿಮಗು ಸಾಲದೆಂದು ಇನ್ನೊಂದನ್ನು ಕಟ್ಟಿಕೊಂಡೆ ಎಂದು ಕೆಳಮನೆಯವಳ ಹತ್ತಿರ ಹೇಳಿಕೊಂಡಳು.

ಆದರೆ ಅವಳು ನಂಬಿದ್ದ ಒಂದು ಮಾತೂ ನಿಜವಾಯಿತು.

ಬನ್‌ಗೆ ಮನೆಯವರು ಚೆದುರಿದರೆ ಆಗುತ್ತಿರಲಿಲ್ಲ. ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಬಚ್ಚಲಲ್ಲಿ ಇದ್ದರೆ ಎರಡರ ನಡುವೆ ಓಡಾಡಿ ಸುಸ್ತಾಗುತ್ತಿತ್ತು. ಎಲ್ಲರೂ ಒಂದು ಕೋಣೆಯಲ್ಲಿ ಕೂತರೆ ಬಾಗಿಲಿಗೆ ಅಡ್ಡ ಮಲಗಿ ನಿಟ್ಟುಸಿರು ಬಿಡುತ್ತಿತ್ತು. ಮಾವ ಅಂಗಿ ತೊಟ್ಟು ಬಾಗಿಲ ಚಿಲಕಕ್ಕೆ ಕೈ ಹಾಕಿದರೆ ಸಾಕು, ಮನೆಯೇ ಹಾರಿಹೋಗುವಂತೆ ಬೊಗಳಿ ಪ್ಯಾಂಟಿನ ಅಂಚು ಕಚ್ಚಿ ಹಿಡಿಯುತ್ತಿತ್ತು. ಟೈಲರಮ್ಮ ನಿರಾಳವಾಗಿ ಕೈ ಒರೆಸಿಕೊಂಡು ಬರುತ್ತಿದ್ದಳು. ಆ ಪ್ಯಾಂಟುಗಳ ಅಂಚನ್ನು ಅವಳು ಎಷ್ಟು ಸಲ ಹೊಲಿದಳೋ.

ಬೆಳಿಗ್ಗೆ ಮಾವ, ಬನ್, ಅವಳು ಮೂವರೂ ಪಾರ್ಕಿಗೆ ಹೋಗಿ ಬರುವ ಪದ್ಧತಿಯಾಯಿತು. ನಾಯಿಯನ್ನು ಎರಡು ಮಹಡಿ ಎತ್ತಿಕೊಂಡು ಇಳಿಸುವುದು, ಹತ್ತಿಸುವುದು ಮಾವನ ಕೆಲಸ. ಅದನ್ನು ಅವರು ಒಂದು ದಿನವೂ ಮರೆಯಲಿಲ್ಲ. ಬನ್‌ಗೆ ಅವರು ತಮ್ಮ ಕಂಡಕ್ಟರ್ ಭಾಷೆಯನ್ನೇ ಕಲಿಸಿದರು. "ಹೋಲ್ಡಾನ್" ಎಂದರೆ ನಿಲ್ಲುತ್ತಿತ್ತು, "ರೈಟ್" ಎಂದರೆ ಹೊರಡುತ್ತಿತ್ತು. ಪಾರ್ಕಿನಲ್ಲಿ ಮಕ್ಕಳೆಲ್ಲ ಹೋಲ್ಡಾನ್ ಹೋಲ್ಡಾನ್ ಎಂದು ಕೂಗಿ, ನಾಯಿ ಗಕ್ಕನೆ ನಿಂತದ್ದು ಕಂಡು ಬಿದ್ದು ಬಿದ್ದು ನಗುತ್ತಿದ್ದವು. ಮಾವ ಮಾತು ಜಾಸ್ತಿ ಆಡತೊಡಗಿದರು. ಡ್ಯೂಟಿಯ ಸುದ್ದಿ ಕಮ್ಮಿಯಾಯಿತು. ಒಂದು ದಿನ ಮಗನನ್ನು ಕರೆದು, ನಿನ್ನ ಹೆಂಡತಿ ಬಡವಾಗಿದ್ದಾಳೆ, ಹಾಲು ಕುಡಿಯೋಕೆ ಹೇಳು ಎಂದರು. ಗಂಡ ಅದನ್ನು ಹೆಂಡತಿಗೆ ಹೇಳಿದ. ಮತ್ತೆ ಇಬ್ಬರೂ ಒಟ್ಟಿಗೆ ಉಣ್ಣತೊಡಗಿದರು.

ಶಾಲೆಗಳು ತೆರೆಯುವ ಕಾಲ ಬಂತು. ಯೂನಿಫಾರ್ಮಿನ ರಾಶಿ ಮಿಷನ್ನಿನ ಎತ್ತರಕ್ಕೆ ಬಂತು. ಒಂದು ಬೆಳಿಗ್ಗೆ ಟೈಲರಮ್ಮ ಕಿಟಕಿಯಿಂದಲೇ ನೋಡುತ್ತೇನೆ, ನೀವಿಬ್ಬರೇ ಹೋಗಿ ಬನ್ನಿ ಎಂದಳು. ಅರ್ಧ ಪಾರ್ಕು ಕಿಟಕಿಗೆ ಕಾಣುತ್ತಿತ್ತು. ಇಬ್ಬರೂ ಹೋದರು, ಬಂದರು. ಮರುದಿನವೂ ಹಾಗೇ. ಬರುವಾಗ ನಾಯಿ ಮುಂದೆ, ಮಾವ ಹಿಂದೆ. ಮಾವ ಅತ್ತಿತ್ತ ತಿರುಗಿದರೆ ನಾಯಿ ಹಿಂದಕ್ಕೆ ಬಂದು ಕಾಲಿಗೆ ಸುತ್ತಿಕೊಂಡು ಮನೆಯ ಕಡೆಗೆ ತಳ್ಳುತ್ತಿತ್ತು. ನಾಲ್ಕು ದಿನ ನೋಡಿದಳು, ಆಮೇಲೆ ಕಿಟಕಿಯಿಂದ ನೋಡುವುದನ್ನೂ ಬಿಟ್ಟಳು. ಗಂಡನಿಗೂ ಇದು ಗೊತ್ತಿತ್ತು. ನೋಡಿದ್ಯಾ, ಬೀಗ ಬೇಡ ಅಂದೆನಲ್ಲ ಎಂದಿದ್ದ.

ಅಂಥದೊಂದು ದಿನ ಮಾವ ಹನ್ನೊಂದಾದರೂ ಬರಲಿಲ್ಲ.

ಟೈಲರಮ್ಮ ಚಪ್ಪಲಿ ಮೆಟ್ಟದೆ ಓಡಿದಳು. ಪಾರ್ಕಿನ ಹತ್ತಿರ ಇಲ್ಲ, ಹಾಲಿನ ಅಂಗಡಿಯ ಹತ್ತಿರ ಇಲ್ಲ. ಡಿಪೋಗೆ ಫೋನು ಮಾಡಿದಳು, ಗಂಡನಿಗೆ ಮಾಡಿದಳು. ಅವನು ಯಾವುದೋ ಆಸ್ಪತ್ರೆಯ ಲಿಫ್ಟಿನ ಮೇಲೆ ಕೂತಿದ್ದ, ಇಳಿದು ಬರುವುದಕ್ಕೇ ಹೊತ್ತು ಹಿಡಿಯಿತು. ಊಟದ ವೇಳೆ ಮೀರಿದ ಮೇಲೆ ಒಬ್ಬ ಡ್ರೈವರು ಮಾವನನ್ನು ಮೆಟ್ಟಿಲವರೆಗೆ ತಂದುಬಿಟ್ಟ. ಅವರ ಅಂಗಿಯ ಇಸ್ತ್ರಿ ಸಹ ಕೆಟ್ಟಿರಲಿಲ್ಲ. ಕೈಯಲ್ಲಿ ನಾಯಿಯ ಹಗ್ಗ ಇತ್ತು. ಹಗ್ಗವನ್ನು ನೀಟಾಗಿ ಸುತ್ತಿ ಹಿಡಿದಿದ್ದರು.

"ಮಾವ, ಬನ್ ಎಲ್ಲಿ?"

"ಬನ್ ಬೇಡಮ್ಮ, ಹೊಟ್ಟೆ ಹಸೀತಿದೆ, ಊಟಾನೇ ಹಾಕು" ಎಂದರು.

ಡ್ರೈವರಿಗೆ ನಾಯಿಯ ವಿಷಯ ಏನೂ ತಿಳಿಯದು. ತನ್ನ ಬಸ್ಸು ಹತ್ತುವಾಗ ಒಬ್ಬರೇ ಇದ್ದರು ಎಂದ. ಮಗ ಬಂದು ಮೆಲ್ಲಗೆ ಕೇಳಿದ, ಗದರಿಸಿ ಕೇಳಿದ, ಮತ್ತೆ ಮೆಲ್ಲಗೆ ಕೇಳಿದ. ಮಾವ ಯಾವ ನಾಯಿ ಎನ್ನುತ್ತಿದ್ದರು. ಶಾಲೆಯಿಂದ ಬಂದ ಚಿನ್ನಿ ಫೋನಿನ ಚಿತ್ರ ಮುಖಕ್ಕೆ ಹಿಡಿದಾಗ ಮಾತ್ರ ಅವರ ಕಣ್ಣು ಅರಳಿತು.

"ಓ, ಇವನಾ? ಸ್ಟಾಪ್ ಬಂತು, ಇಳಿಸಿದೆ."

"ಯಾವ ಸ್ಟಾಪು ತಾತ?"

"ಅವನ ಸ್ಟಾಪು" ಎಂದು ತಟ್ಟೆಯ ಕಡೆ ತಿರುಗಿದರು.

ಬಸ್ಸಿನವರನ್ನೆಲ್ಲ ಕೇಳಿದ ಮೇಲೆ ಅಷ್ಟಿಷ್ಟು ತಿಳಿಯಿತು. ದಿನಾ ಎತ್ತಿ ಇಳಿಸಿ ರೂಢಿಯಾದ ನಾಯಿ, ಮಾವ ಎತ್ತಿಕೊಂಡು ಬಸ್ಸು ಹತ್ತಿದರೆ ಸುಮ್ಮನೆ ತೋಳಿನಲ್ಲಿ ಕೂತಿತ್ತಂತೆ. ಬೊಗಳಿರಲಿಲ್ಲ, ಕಚ್ಚಿರಲಿಲ್ಲ. ತಾನೇ ಮಾವನ ತೋಳಿನಲ್ಲಿರುವಾಗ ಅದು ಯಾರನ್ನು ತಡೆಯಬೇಕಿತ್ತು? ಮುಂದೆ ಎಲ್ಲೋ ಇಳಿಸಿ, ಕೊರಳ ಪಟ್ಟಿಯಿಂದ ಹಗ್ಗ ಬಿಚ್ಚಿಕೊಂಡು, "ರೈಟ್" ಎಂದಿದ್ದರಂತೆ. ಎಲ್ಲಿ ಎಂದು ಕಂಡವರಿಗೂ ನೆನಪಿರಲಿಲ್ಲ.

ಅಪ್ಪ ಮಗಳು ಆ ದಾರಿಯ ಒಂದೊಂದು ಸ್ಟಾಪಿನಲ್ಲೂ ಇಳಿದು ಹುಡುಕಿದರು. ಚಿನ್ನಿ ಗಂಟಲು ಕಟ್ಟುವ ತನಕ ಹೋಲ್ಡಾನ್ ಎಂದು ಕೂಗಿದಳು. ಜನ ನಿಂತು ನೋಡಿದರು. ಒಂದು ಕಿವಿ ಜೋತುಬಿದ್ದ ನಾಯಿ ಎಂದು ಬರೆದು ಕಂಬ ಕಂಬಕ್ಕೆ ಚಿತ್ರ ಅಂಟಿಸಿದಳು. ತಮಾಷೆಗೆಂದು ಬೊಗಳಿ ಫೋನು ಇಡುವವರ ಕರೆಗಳು ಬಂದವು. ಕಡೆಗೆ ಒಬ್ಬಳು ಹೂ ಮಾರುವವಳು ಚಿತ್ರ ನೋಡಿ ಗುರುತು ಹಿಡಿದಳು. ಅದು ಸ್ಟಾಪಿನ ಹತ್ತಿರವೇ ಕೂತು ಬರುವ ಬಸ್ಸನ್ನೆಲ್ಲ ನೋಡುತ್ತಿತ್ತಂತೆ. ಸಂಜೆ ಮುಂದೆ ಕಾರಿನಲ್ಲಿ ಹೋಗುತ್ತಿದ್ದವರು ಯಾರೋ ನಿಲ್ಲಿಸಿ, ಎಷ್ಟು ಚೆಂದ ಇದೆ ಎಂದು ಎತ್ತಿಕೊಂಡರಂತೆ. ಅದು ಕೊಸರಾಡಲೂ ಇಲ್ಲವಂತೆ.

ಯಾವ ಕಾರು, ಯಾರು, ಎತ್ತ ಹೋದರು, ಅವಳಿಗೆ ಗೊತ್ತಿರಲಿಲ್ಲ. ಹುಡುಕಾಟ ಅಲ್ಲಿಗೆ ನಿಂತಿತು.

ಮನೆಯಲ್ಲಿ ಮತ್ತೆ ಬೇರೆ ಬೇರೆ ಹೊತ್ತಿನ ಊಟ ಶುರುವಾಯಿತು. ಗಂಡ ಒಂದು ದಿನ ಬಾಯಿಬಿಟ್ಟು ಅಂದೇಬಿಟ್ಟ, ಅಪ್ಪನನ್ನು ನಾಯಿಯ ಕೈಗೆ ಒಪ್ಪಿಸಿ ನೀನು ಮಿಷನ್ನಿನ ಮುಂದೆ ಕೂತೆ ಎಂದು. ಟೈಲರಮ್ಮ ಕೈಯಲ್ಲಿದ್ದ ಅಂಗಿಯ ದಾರವನ್ನು ಹಲ್ಲಿನಿಂದ ಕಡಿದಳು.

"ನಾಯಿ ಕೈಗೆ ಒಪ್ಪಿಸಿದ್ದು ನಾನೊಬ್ಳೇನಾ? ಬೀಗ ಬೇಡ ಅಂತ ನಾಯಿ ತಂದೋರು ಯಾರು?"

"ನೀನೇ ಅಲ್ವಾ ಕಾರ್ಗಿನೇ ಆಗ್ಬೇಕು ಅಂದಿದ್ದು?"

"ಹೌದು, ನಾನೇ. ಈ ಮನೇಲಿ ಮಾವನ ಮೇಲೆ ಕಣ್ಣಿಡೋಕೆ ನನ್ನ ಬಿಟ್ರೆ ಇನ್ನೊಂದು ಜೀವ ಸಿಕ್ಕಿತು ಅನ್ಕೊಂಡೆ. ಅದು ನಾಯಿ ಆದ್ರೂ ಪರವಾಗಿಲ್ಲ ಅನ್ಕೊಂಡೆ."

ಗಂಡನಿಗೆ ಫೋನು ಬಂತು, ಎದ್ದು ಹೋದ.

ಇದಕ್ಕಿಂತ ಕೆಟ್ಟದ್ದು ಚಿನ್ನಿಯದು. ಮಾವನಿಗೆ ನಾಯಿ ಒಮ್ಮೊಮ್ಮೆ ನೆನಪಿಗೆ ಬರುತ್ತಿತ್ತು, ಅದರಲ್ಲೂ ಊಟದ ಹೊತ್ತಿಗೆ. ತಮ್ಮ ತಟ್ಟೆಯ ಅನ್ನದಲ್ಲಿ ಒಂದು ತುತ್ತು ಅಂಚಿಗೆ ಸರಿಸಿಟ್ಟು, ಅವನೆಲ್ಲಿ, ಇನ್ನೂ ಬಂದಿಲ್ವಾ ಎಂದು ಕೇಳುವರು. ಟೈಲರಮ್ಮ ಬರ್ತಾನೆ ಉಣ್ಣಿ ಎನ್ನುವಳು. ಚಿನ್ನಿ ಎದುರಿಗಿದ್ದರೆ ಹಾಗಾಗುತ್ತಿರಲಿಲ್ಲ.

"ತಾತ, ಅವನನ್ನ ನೀನೇ ಕಳೆದೆ" ಎನ್ನುತ್ತಿದ್ದಳು. ಗಟ್ಟಿಯಾಗಿ ಅಲ್ಲ, ಪಾಠ ಒಪ್ಪಿಸುವವಳ ಹಾಗೆ. "ಬಸ್ಸಲ್ಲಿ ಕರ್ಕೊಂಡ್ಹೋಗಿ ಗೊತ್ತಿಲ್ಲದ ಕಡೆ ಇಳಿಸಿ ಬಂದೆ."

ಮಾವ ಅದನ್ನು ಪ್ರತಿ ಸಲವೂ ಮೊದಲ ಸಲ ಕೇಳುತ್ತಿದ್ದರು. ಕೈ ತಟ್ಟೆಯಲ್ಲೇ ನಿಂತುಹೋಗುತ್ತಿತ್ತು. "ನಾನಾ?" ಎನ್ನುವರು. "ಆ ಮೋಟು ಕಾಲಿನೋನನ್ನಾ?" ಆಮೇಲೆ ಎದ್ದು ಅಂಗಿ ಹುಡುಕುವರು, ಈಗಲೇ ಹೋಗಿ ಕರೆದುಕೊಂಡು ಬರುತ್ತೇನೆ ಎನ್ನುವರು. ಅವರನ್ನು ಹಿಡಿದು ಕೂರಿಸುವುದು ಟೈಲರಮ್ಮನ ಪಾಲಿಗೆ. ಹೊತ್ತು ಕಳೆದರೆ ಮರೆಯುವರು. ಮರುದಿನ ಮತ್ತೆ ತುತ್ತು ಸರಿಸಿಡುವರು.

ಟೈಲರಮ್ಮ ಮಗಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿ ಬಿಟ್ಟು, ಮಾವನಿಗೆ ಕೇಳದಂತೆ ಹೇಳಿದಳು.

"ಇನ್ನೊಂದು ಸಲ ಆ ಮಾತು ಆಡ್ಬೇಡ."

"ಸುಳ್ಳಾ?"

"ಸುಳ್ಳಲ್ಲ. ಆದ್ರೆ ಅವ್ರಿಗೆ ದಿನಾ ಹೊಸದಾಗಿ ಏಟು ಬೀಳುತ್ತೆ ಕಣೇ. ನೋಡಕ್ಕಾಗಲ್ಲ."

"ತಾತನಿಗೆ ದಿನಾ ಮರೆತಾದ್ರೂ ಹೋಗುತ್ತೆ. ನಂಗೆ ಮರೆಯಲ್ವಲ್ಲ. ಒಂದ್ಸಲ ತಪ್ಪಾಯ್ತು ಅನ್ಲಿ, ನಾನು ಬಿಡ್ತೀನಿ."

"ಎಷ್ಟೋ ಸಲ ಅಂದಿದ್ದಾರೆ."

"ಅದು ತಾತನಿಗೆ ನೆನಪೇ ಇರಲ್ಲ. ಅದು ಲೆಕ್ಕಕ್ಕಿಲ್ಲ."

ಟೈಲರಮ್ಮನಿಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಎತ್ತಲಿಲ್ಲ. ಮಗಳ ಮುಖ ಒಂದು ತಿಂಗಳಲ್ಲಿ ಇಳಿದುಹೋಗಿತ್ತು, ಕಣ್ಣಿನ ಕೆಳಗೆ ಕಪ್ಪು ಕೂತಿತ್ತು. ನಲ್ಲಿ ನಿಲ್ಲಿಸಿ ಹೊರಗೆ ಬಂದಳು.

ಚಿನ್ನಿ ಆ ಮಾತು ನಿಲ್ಲಿಸಿದಳು, ಅದರ ಜೊತೆಗೆ ತಾತನೊಂದಿಗೆ ಬೇರೆ ಮಾತನ್ನೂ ನಿಲ್ಲಿಸಿದಳು. ಆದರೆ ಅಷ್ಟರಲ್ಲಿ ಮಾತು ಮಾವನ ಒಳಗೆ ಎಲ್ಲೋ ಇಳಿದಿತ್ತು. ಏನು ಕಳೆದಿದೆ ಎಂಬುದು ಅಳಿಸಿಹೋಗಿ, ಏನೋ ಕಳೆದಿದೆ ಎನ್ನುವುದು ಮಾತ್ರ ಉಳಿದಿತ್ತು. ಡ್ಯೂಟಿಗೆಂದು ಹೊರಡುತ್ತಿದ್ದವರು ಈಗ ಹುಡುಕಬೇಕೆಂದು ಹೊರಡತೊಡಗಿದರು. ಏನನ್ನು ಎಂದರೆ ಹೇಳಲು ಬಾರದು. ಹಿಂದೆ ಡಿಪೋ ಕಡೆಗಾದರೂ ಹೋಗುತ್ತಿದ್ದರು, ಈಗ ದಿಕ್ಕೇ ಇರಲಿಲ್ಲ. ಒಂದು ದಿನ ಯಾರದೋ ಮನೆಯ ಕಾಂಪೌಂಡಿಗೆ ನುಗ್ಗಿ ಅಲ್ಲಿಯ ಕಾವಲಿನವನಿಂದ ತಳ್ಳಿಸಿಕೊಂಡು ಹಣೆ ಒಡೆದುಕೊಂಡು ಬಂದರು.

ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಸಂಜೆ ಗಂಡ ಯಾರನ್ನೂ ಕೇಳದೆ ಕೆಲಸದ ಚೀಲ ಬಿಚ್ಚಿದ. ಬಾಗಿಲಿಗೆ ತೂತು ಕೊರೆದು, ಮಂಡಿಯೂರಿ, ಒಳಗಿನಿಂದ ಬೀಗ ಕೂರಿಸಿದ. ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಸ್ಕ್ರೂ ಬಿದ್ದರೆ ಎತ್ತಿ ಕೊಡುತ್ತಿದ್ದರು.

"ಕೆಲಸ ಚೆನ್ನಾಗಿ ಮಾಡ್ತೀಯಪ್ಪ" ಎಂದು ಮಗನಿಗೆ ಹೇಳಿದರು. "ಗಟ್ಟಿಯಾಗಿ ಕೂರಿಸು. ಕಳ್ಳಕಾಕರ ಕಾಲ."

ಮಗ ಹೂಂ ಎಂದ. ಕೀಲಿಕೈಯನ್ನು ಹೆಂಡತಿಯ ಕೈಗೆ ಕೊಡುವಾಗ ಅವಳ ಮುಖ ನೋಡಲಿಲ್ಲ. ಗೆದ್ದೆ ಎಂದು ಅವಳಿಗೂ ಅನ್ನಿಸಲಿಲ್ಲ. ಆ ದಿನ ಅಡುಗೆ ಮಾಡಿದ್ದು ಹಾಗೇ ಉಳಿಯಿತು.

ಮೊದಲ ಕೆಲವು ದಿನ ಮಾವ ಬಾಗಿಲು ಎಳೆದು ನೋಡುತ್ತಿದ್ದರು. ಕೆಟ್ಟುಹೋಗಿದೆ, ರಿಪೇರಿಯವನು ಬರಬೇಕು ಎಂದು ಟೈಲರಮ್ಮ ಹೇಳಿದರೆ ನಂಬಿ ಕಾಯುತ್ತಿದ್ದರು. ಆಮೇಲೆ ಎಳೆಯುವುದನ್ನೂ ಬಿಟ್ಟರು. ಅಂಗಿ ತೊಡುವುದು ಬಿಟ್ಟರು, ತಲೆ ಬಾಚುವುದು ಬಿಟ್ಟರು. ಗಟ್ಟಿಯಾಗಿದ್ದ ಕಾಲು ಕೂತು ಕೂತು ಸಣ್ಣಗಾಯಿತು. ತಟ್ಟೆಯಲ್ಲಿ ತುತ್ತು ಸರಿಸಿಡುವುದೂ ನಿಂತಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ಅವರು ಕೇಳಿದ ಒಂದು ಪ್ರಶ್ನೆಗೂ ಮಾವ ಉತ್ತರಿಸಲಿಲ್ಲ. ನರ್ಸಿಗೆ ಮಾತ್ರ ಕೈಮುಗಿದರು. ವೇಗವಾಗಿ ಇಳಿಯುತ್ತಿದೆ, ಮನೆಯಲ್ಲಿ ಏನಾದರೂ ಬದಲಾಯಿತೇ ಎಂದು ಡಾಕ್ಟರು ಕೇಳಿದರು. ಗಂಡ ಹೆಂಡತಿ ಇಬ್ಬರೂ ಏನಿಲ್ಲ ಎಂದರು.

ಟೈಲರಮ್ಮ ಅವರನ್ನು ಮಿಷನ್ನಿನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಡಬ್ಬಿಯ ಗುಂಡಿಗಳನ್ನೆಲ್ಲ ತಟ್ಟೆಗೆ ಸುರಿದು, ಬಿಳಿಯದು ಬೇರೆ, ಕರಿಯದು ಬೇರೆ ಮಾಡಿಕೊಡಿ ಎನ್ನುವಳು. ಅವರು ತಲೆತಗ್ಗಿಸಿ ಮಾಡುವರು. ಮುಗಿದ ಮೇಲೆ ಅವರಿಗೆ ಕಾಣದಂತೆ ಮತ್ತೆ ಬೆರೆಸಿಡುವಳು.

ಒಂದು ಮಧ್ಯಾಹ್ನ ಚಿನ್ನಿ ಶಾಲೆಯಿಂದ ಬಂದು ಬಾಗಿಲು ಬಡಿದಳು. ಟೈಲರಮ್ಮ ಬೀಗ ತೆಗೆದು, ಒಳಗೆ ಬಿಟ್ಟುಕೊಂಡು, ಮತ್ತೆ ಹಾಕಿ ಬಂದು ಕೂತಳು. ಚಿನ್ನಿ ಎಂದಿನಂತೆ ತಾತನ ಕಡೆ ನೋಡದೆ ಬ್ಯಾಗು ಬಿಚ್ಚುತ್ತಿದ್ದಳು. ಮಾವ ಸೊಸೆಯ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದರು.

"ಆ ಹುಡುಗಿ ಯಾರಮ್ಮ? ದಿನಾ ಬರುತ್ತೆ. ಯಾವಾಗ್ಲೂ ಮುಖ ಊದಿಸ್ಕೊಂಡಿರುತ್ತೆ. ಮನೇಲಿ ಯಾರಾದ್ರೂ ಬೈತಾರೇನೋ, ಪಾಪ."

ತಗ್ಗಿಸಿದರೂ ಅದು ಬಸ್ಸಿನ ತುಂಬ ಕೇಳಿಸಿ ಪಳಗಿದ ದನಿ. ಚಿನ್ನಿಯ ಕೈ ಬ್ಯಾಗಿನ ಮೇಲೆ ನಿಂತಿತು. ಟೈಲರಮ್ಮ ನಮ್ಮ ಚಿನ್ನಿ ಮಾವ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಬಂದು ತಾತನ ಕಾಲ ಹತ್ತಿರ ನೆಲದ ಮೇಲೆ ಕೂತಳು.

"ತಾತ, ನಂಗೆ ಈಗ ಕೋಪ ಇಲ್ಲ" ಎಂದಳು. "ಅದು ನಿನ್ನ ತಪ್ಪಲ್ಲ. ನಾನು ಹಾಗೆಲ್ಲ ಅನ್ಬಾರದಿತ್ತು. ದಿನಾ ದಿನಾ ಅಂದೆ. ತಪ್ಪಾಯ್ತು."

ಮಾವ ಗುಂಡಿಗಳನ್ನು ಬದಿಗಿಟ್ಟು, ಅವಳು ಹೇಳಿ ಮುಗಿಸುವವರೆಗೂ ಮನಸ್ಸಿಟ್ಟು ಕೇಳಿದರು. ಆಮೇಲೆ ಅವಳ ಕೈ ತಟ್ಟಿದರು.

"ಒಳ್ಳೇದಾಯ್ತು ಮಗು. ಕೋಪ ಇಟ್ಕೋಬಾರದು. ಸರಿ, ಇನ್ನು ಹೊತ್ತು ಮಾಡ್ಬೇಡ, ಹೊರಡು. ನಿಮ್ಮನೇಲಿ ಕಾಯ್ತಿರ್ತಾರೆ."

ಚಿನ್ನಿ ಅಮ್ಮನ ಕಡೆ ನೋಡಿದಳು. ಮಾವ ಕುರ್ಚಿಯ ತೋಳು ಹಿಡಿದು ಕಷ್ಟಪಟ್ಟು ಎದ್ದಿದ್ದರು. ಬಂದವರನ್ನು ಬಾಗಿಲವರೆಗೆ ಕಳಿಸಿಕೊಡಬೇಕೆಂದು, ಕಾಲೆಳೆದುಕೊಂಡು ಹೋಗಿ ಬಾಗಿಲ ಬಳಿ ನಿಂತು, ನಗುಮುಖ ಮಾಡಿ ಕಾಯುತ್ತಿದ್ದರು. ಎಷ್ಟೋ ದಿನಗಳ ಮೇಲೆ ಅವರು ತಾವಾಗಿ ಎದ್ದದ್ದು ಅದು.

ಚಿನ್ನಿ ಎದ್ದಳು. ಬಿಚ್ಚಿದ ಬ್ಯಾಗನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಟೈಲರಮ್ಮ ಬೀಗ ತೆಗೆದಳು.

"ಮೆಟ್ಟಿಲು ನೋಡ್ಕೊಂಡು ಇಳಿ ಮಗು" ಎಂದರು ಮಾವ.

"ಹೂಂ ತಾತ" ಎಂದು ಚಿನ್ನಿ ಹೊರಗೆ ಹೋದಳು.

ಟೈಲರಮ್ಮ ಬಾಗಿಲು ಹಾಕಿ ಬೀಗ ತಿರುಗಿಸಿದಳು. ಇಳಿದು ಹೋಗುವ ಹೆಜ್ಜೆಯ ಸದ್ದು ಬರಲಿಲ್ಲ. ಆ ಕಡೆ ಮೊದಲ ಮೆಟ್ಟಿಲ ಮೇಲೆ ಬ್ಯಾಗು ಕುಕ್ಕಿ ಕೂತ ಸದ್ದಷ್ಟೇ ಬಂತು. ಮಾವ ವಾಪಸು ಬಂದು ಕುರ್ಚಿಯಲ್ಲಿ ಕೂತರು. ಒಳ್ಳೆ ಹುಡುಗಿ ಎಂದರು. ಅವಳು ಹೌದು ಮಾವ ಎಂದಳು. ಅವರು ಮತ್ತೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಟೈಲರಮ್ಮ ಕೀಲಿಕೈಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಳು. ಅವರು ಗುಂಡಿಗಳಲ್ಲಿ ಮುಳುಗಿ, ಈಗ ಹೋದ ಹುಡುಗಿಯನ್ನು ಮರೆಯುವುದನ್ನೇ ಕಾಯುತ್ತ.